ಮಾರೆಪ್ಪನ ಮಾತಿಗೊಂದು ಆಧಾರ

ನಾರಾಯಣಪೇಟೆಯ ಡಿಗ್ರಿ ಕಾಲೇಜೊಂದರಲ್ಲಿ ಚರಿತ್ರೆ ಪಾಠ ಹೇಳುವ ಪರಮೇಶನಿಗೆ ಸತ್ತವರನ್ನು ಮಾತಾಡಿಸುವ ವಿದ್ಯೆ ಒಲಿದಿತ್ತು. ಮಾಟ ಮಂತ್ರದವನಲ್ಲ, ಮಿಮಿಕ್ರಿಯವನು. ಪ್ರಿನ್ಸಿಪಾಲರ ಕೆಮ್ಮು, ರಾಯಚೂರು ಬಸ್ಸಿನ ಕಂಡಕ್ಟರನ ಕೂಗು, ಮಕ್ತಲಿನ ತೊಗರಿ ದಲಾಲಿಯ ಮೂಗಿನೊಳಗಿನ ಎಣಿಕೆ, ಎಲ್ಲವೂ ಅವನ ಗಂಟಲಲ್ಲಿ ಬಾಡಿಗೆಗಿದ್ದವು. ಆದರೆ ಅವನಿಗೆ ಹೆಸರು ತಂದುಕೊಟ್ಟ ದನಿ ಒಂದೇ. ಅದು ಕಾಲುರಾಟಿ ಮಾರೆಪ್ಪನದು.

ಮಾರೆಪ್ಪ ಯಾರೆಂದು ಆ ಸೀಮೆಯಲ್ಲಿ ಯಾರೂ ಕೇಳುವುದಿಲ್ಲ. ಮಕ್ತಲಿನ ಕುರುಬರ ಮನೆಯ ಮನುಷ್ಯ. ಕಂಬಳಿಯ ಉಣ್ಣೆ ನೂಲುವ ರಾಟಿಯನ್ನು ಕೈಯಿಂದ ತಿರುವುವ ಬದಲು ಕಾಲಿನಿಂದ ತಿರುವುವಂತೆ ಮಾಡಿದವನು. ನಿಜಾಮರ ಕಾಲದಲ್ಲಿ ಹೈದರಾಬಾದಿನ ಪ್ರದರ್ಶನಕ್ಕೆ ಅದನ್ನು ಒಯ್ದು ಬೆಳ್ಳಿ ಪದಕ ತಂದವನು. ಶಾಲೆಯಲ್ಲಿ ಮಕ್ಕಳು ಅವನ ಚಿತ್ರ ಬರೆಯುತ್ತಾರೆ. ಚಿತ್ರ ಬಾರದ ಮಕ್ಕಳು ಒಂದು ದುಂಡನೆಯ ಗೀಟು ಎಳೆದು ಕೈ ತೊಳೆದುಕೊಳ್ಳುತ್ತಾರೆ, ಅದಕ್ಕೂ ಅಂಕ ಬರುತ್ತದೆ. ಮಾರೆಪ್ಪನ ರಾಟಿಯ ಒಂದು ಕಾಲಿನ ಮೇಲೆ ಕಾದ ಕಬ್ಬಿಣದಿಂದ ಸುಟ್ಟ ದುಂಡು ಗುರುತಿದೆ. ಅದು ರಾಟಿಯ ಗಾಲಿ, ಮಾರೆಪ್ಪನ ಮುದ್ರೆ ಎಂದು ಊರಿಗೆ ಊರೇ ನಂಬಿತ್ತು. ಸೀರೆ ಡಬ್ಬಿಯ ಮೇಲೆ, ಬಟ್ಟೆ ಚೀಲದ ಮೇಲೆ, ಮದುವೆ ಕಾರ್ಡಿನ ಮೂಲೆಯಲ್ಲಿ ಅದೇ ದುಂಡು. ಆ ದುಂಡು ಕೆಳಗಡೆ ಒಂದಿಷ್ಟು ಕೂಡಿಕೊಂಡಿರಲಿಲ್ಲ, ಚಿಕ್ಕ ಸಂದು ಉಳಿದಿತ್ತು. 'ಅದು ನೂಲು ಹೊರಬರುವ ಬಾಯಿ, ಶೂನ್ಯದಿಂದ ಸೃಷ್ಟಿ ಇಳಿಯುವ ದಾರಿ' ಎಂದು ಪರಮೇಶ ತಾನು ಬರೆದ ಮಾರೆಪ್ಪನ ಜೀವನಚರಿತ್ರೆಯಲ್ಲಿ ಎರಡು ಪುಟ ನೂತಿದ್ದ.

ಹನ್ನೆರಡು ವರ್ಷದ ಹಿಂದೆ ಕಾಲೇಜಿನ ವಾರ್ಷಿಕೋತ್ಸವದಲ್ಲಿ ಹೆಗಲಿಗೆ ಕಂಬಳಿ ಹಾಕಿಕೊಂಡು ಅವನು ಮೊದಲ ಸಲ ಮಾರೆಪ್ಪನಾಗಿದ್ದ. ಮಾರೆಪ್ಪನ ದನಿಯನ್ನು ಅವನು ಕೇಳಿದವನೇ ಅಲ್ಲ. ಕಂಡಕ್ಟರನನ್ನು ಅರ್ಧ, ದಲಾಲಿಯನ್ನು ಅರ್ಧ ಕಲಸಿ ಮುದ್ದೆ ಮಾಡಿದ್ದ. ಮಾತಿನ ಓಘದಲ್ಲಿ ಒಂದು ಸಾಲು ಬಾಯಿಗೆ ಬಂತು: "ನನಗ ಎರಡು ಕೈ ಸಾಲಲಿಲ್ಲ, ಅದಕ ಕಾಲಿಗೂ ಕೆಲಸ ಹಚ್ಚಿದೆ." ಸಭೆ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಇಳಿದು ಬಂದಾಗ ಯಾರೋ ಈ ಮಾತು ಎಲ್ಲಿ ಸಿಕ್ಕಿತೆಂದು ಕೇಳಿದರು. ಹಳೆಯ ರೇಡಿಯೊ ಟೇಪಿನಲ್ಲಿ ಎಂದುಬಿಟ್ಟ. ಅಷ್ಟೇ. ಆ ಟೇಪು ಅಂದಿನಿಂದ ಊರಿಡೀ ಸುತ್ತುತ್ತಿತ್ತು, ಇಲ್ಲದ ಟೇಪು ಸುತ್ತಿದಷ್ಟು ಇದ್ದ ಟೇಪು ಸುತ್ತುವುದಿಲ್ಲ. ಕ್ಯಾಲೆಂಡರಿನಲ್ಲಿ ಬಂತು, ಭಾಷಣದಲ್ಲಿ ಬಂತು, ಅವನದೇ ಪುಸ್ತಕದಲ್ಲಿ ಉದ್ಧರಣ ಚಿಹ್ನೆಯ ನಡುವೆ ಗಂಭೀರವಾಗಿ ಕುಳಿತಿತು.

ಈಗ ಅದು ಕಲ್ಲಿಗೆ ಬರುವುದಿತ್ತು. ಮಕ್ತಲಿನಲ್ಲಿ ನೇಕಾರರ ತರಬೇತಿ ಕೇಂದ್ರ ಕಟ್ಟಿದ್ದರು, ಹೆಸರು ಮಾರೆಪ್ಪನದು. ಬಾಗಿಲ ಮುಂದೆ ಕರೀಕಲ್ಲು, ಕಲ್ಲಿನ ಮೇಲೆ ಆ ದುಂಡು, ದುಂಡಿನ ಕೆಳಗೆ ಆ ಸಾಲು. ಕೇಂದ್ರದ ಸಮಿತಿಗೆ ಅಧ್ಯಕ್ಷ ಮಾರೆಪ್ಪನ ಮರಿಮಗ ನರೇಂದರ್. ಪರಮೇಶನ ಕಾಲೇಜಿನ ಆಡಳಿತ ಮಂಡಳಿಯಲ್ಲಿಯೂ ಅವನಿದ್ದ. ಹದಿಮೂರು ವರ್ಷದಿಂದ ಅತಿಥಿ ಉಪನ್ಯಾಸಕನಾಗಿಯೇ ಉಳಿದಿದ್ದ ಪರಮೇಶನಿಗೆ, ಕಲ್ಲು ನಿಂತ ಮರುದಿನ ನಿಮ್ಮ ನೌಕರಿಯೂ ನಿಲ್ಲುತ್ತದೆ ಎಂದು ಅವನು ಮಾತು ಕೊಟ್ಟಿದ್ದ. ನಿಲ್ಲುವುದೆಂದರೆ ಖಾಯಂ ಆಗುವುದೋ, ಹೋಗುವುದೋ ಎಂದು ಕೇಳುವಷ್ಟು ಸಲಿಗೆ ಪರಮೇಶನಿಗಿರಲಿಲ್ಲ.

ಗುರುವಾರ ನರೇಂದರನ ಫೋನು ಬಂತು. ಕಲ್ಲಿನ ಬರಹ ಒಪ್ಪಬೇಕಾದ ಜಿಲ್ಲಾ ಅಧಿಕಾರಿ ಅಖಿಲಾ ಒಂದು ಪತ್ರ ಕಳಿಸಿದ್ದಳು. ಸೋಮವಾರದೊಳಗೆ ಆ ಸಾಲಿಗೆ ಆಧಾರ ತೋರಿಸಬೇಕು, ಇಲ್ಲವಾದರೆ ಕೆತ್ತಲು ಬಿಡುವುದಿಲ್ಲ.

"ಆಧಾರ ಕೇಳ್ಯಾಳ್ರೀ ಮೇಡಮ್ಮು," ಎಂದ ನರೇಂದರ್. "ಮುತ್ಯಾ ಸತ್ತು ಐವತ್ತು ವರ್ಷ ಆತು. ಆಧಾರ್ ಕಾರ್ಡು ಎಲ್ಲಿಂದ ತರೂನು?"

"ಆ ಆಧಾರ್ ಅಲ್ಲ ಅಣ್ಣಾ. ಮಾತಿಗೆ ಆಧಾರ."

"ಹಂಗಾದ್ರ ಚಿಂತಿ ಇಲ್ಲ. ನಿಮ್ಮ ರೇಡಿಯೊ ಟೇಪು ಕೊಟ್ಟುಬಿಡ್ರಿ."

ಫೋನು ಇಟ್ಟ ಮೇಲೆ ಪರಮೇಶನಿಗೆ ನೆಲ ಒಂದು ಗೇಣು ಕೆಳಗಿಳಿದಂತಾಯಿತು. ಸುಳ್ಳಿಗೆ ಸಾಕ್ಷಿ ಹುಡುಕುವ ಕೆಲಸ ಚರಿತ್ರೆಯವರಿಗೆ ಹೊಸದಲ್ಲ. ಆದರೆ ತಾನೇ ಹೇಳಿದ ಸುಳ್ಳಿಗೆ ಎಂಬತ್ತೈದು ವರ್ಷ ಹಳೆಯ ಕಾಗದ ಹುಡುಕುವುದು ಎಲ್ಲರ ಪಾಲಿಗೆ ಬರುವುದಿಲ್ಲ. ಮಾರೆಪ್ಪ ಬರೆಸಿದ ಒಂದು ಉರ್ದು ಅರ್ಜಿ ಸಿಕ್ಕರೂ ಸಾಕಿತ್ತು. ಅದರಲ್ಲಿ ಕೈ ಎಂದೊಂದು ಕಡೆ, ಕಾಲು ಎಂದೊಂದು ಕಡೆ ಇದ್ದರೆ ನಡುವಿನದನ್ನು ಅನುವಾದದಲ್ಲಿ ತುಂಬಬಹುದು ಎಂದುಕೊಂಡ.

ಶನಿವಾರ ಗದ್ವಾಲಕ್ಕೆ ಹೊರಟ. ಮಕ್ತಲಿನಲ್ಲಿ ಬಸ್ಸು ಬದಲಿಸಿ, ಜೂರಾಲ ಕಟ್ಟೆ ದಾಟಿ, ಕೋಟೆಯ ಹಿಂದಿನ ಓಣಿಯಲ್ಲಿ, ಹಳೆಯ ಅರ್ಜಿಗಳನ್ನು ಇಟ್ಟುಕೊಂಡವರೆಂದು ಕೇಳಿದ್ದ ಶಿವಕಾಂತಪ್ಪನವರ ಮನೆ ಹುಡುಕಿಕೊಂಡು ಹೋದ. ಎಂಬತ್ತೆರಡರ ಮುದುಕರು, ಸಣ್ಣಂದಿನಿಂದ ಉರ್ದು ಓದಿದವರು. ಅವರ ತಂದೆ ಅರ್ಜಿನವೀಸರು, ಅಂದರೆ ಓದು ಬಾರದವರಿಗೆ ಕಚೇರಿಯ ಅರ್ಜಿ ಬರೆದುಕೊಡುವವರು. ಬರೆದ ಪ್ರತಿಯೊಂದು ಅರ್ಜಿಗೂ ಒಂದು ನಕಲು ತೆಗೆದು, ಅದರ ಮೇಲೂ ಅರ್ಜಿದಾರರ ಗುರುತು ಹಾಕಿಸಿಟ್ಟು, ವರ್ಷಕ್ಕೊಂದರಂತೆ ಕೆಂಪು ಬಟ್ಟೆಯ ಗಂಟು ಕಟ್ಟಿದ್ದರು. ಆ ಗಂಟುಗಳಿಗೆ ಬಸ್ತಾ ಎನ್ನುತ್ತಾರೆ. ಮೂವತ್ತೊಂದು ಬಸ್ತಾ ಅಟ್ಟದ ಮೇಲೆ ಬೇವಿನ ಸೊಪ್ಪಿನ ವಾಸನೆಯಲ್ಲಿ ಮಲಗಿದ್ದವು.

ಪರಮೇಶ ಮಕ್ತಲ್, ಮಾರೆಪ್ಪ, ರಾಟಿ ಎಂದು ಮೂರು ಮಾತು ಹೇಳುವಷ್ಟರಲ್ಲಿ ಮುದುಕರು ಹುಬ್ಬೇರಿಸಿದರು.

"ಮಕ್ತಲಿನ ರಾಟಿ ತಕರಾರು ಅಂತ ಒಂದೈತಿ ನೋಡ್ರಿ. ಅಪ್ಪಾಜಿ ಆಗಾಗ ನೆನಸ್ತಿದ್ರು."

ತಕರಾರು ಎಂಬ ಮಾತು ಕಿವಿಗೆ ಬಿದ್ದರೂ ಪರಮೇಶನ ತಲೆಗೆ ಏರಲಿಲ್ಲ. ಫಸಲಿ ಸಾವಿರದ ಮುನ್ನೂರ ಐವತ್ತರ ಗಂಟು ಬಿಚ್ಚಿದರು. ನಮ್ಮ ಲೆಕ್ಕದಲ್ಲಿ ಸಾವಿರದ ಒಂಬೈನೂರ ನಲವತ್ತು, ನಲವತ್ತೊಂದು. ಕಾಗದ ಒಣಗಿದ ಸಜ್ಜೆ ರೊಟ್ಟಿಯಂತೆ ಅಂಚಿನಲ್ಲಿ ಮುರಿಯುತ್ತಿತ್ತು. ಉರ್ದು ಸಾಲುಗಳ ಕೊನೆಗೆ, ಎಡಗಡೆ ಕೆಳಗೆ, ಆ ದುಂಡು ಇತ್ತು. ಅದೇ ದುಂಡು, ಕೆಳಗಡೆ ಅದೇ ಸಂದು. ಮಾರೆಪ್ಪನ ಸ್ವಂತ ಮುದ್ರೆ, ಸ್ವಂತ ಕೈಯ ಗೀಟು. ನೌಕರಿ ನಿಂತೇ ಬಿಟ್ಟಿತು ಎಂದುಕೊಂಡು ಪರಮೇಶ ಮೊಬೈಲಿನಲ್ಲಿ ಫೋಟೊ ಹೊಡೆದ, ಒಂದಲ್ಲ, ನಾಲ್ಕು.

"ಓದ್ರಿ ಶಿವಕಾಂತಪ್ನೋರೆ. ಮಾರೆಪ್ಪ ಏನಂತಾನ?"

"ಮಾರೆಪ್ಪ ಏನೂ ಅನ್ನಂಗಿಲ್ಲ ಸಾರ್. ಅರ್ಜಿ ಶೇಖಮ್ಮಂದು. ಮುಸಮ್ಮಾತ್ ಶೇಖಮ್ಮ ಅಂತ ಬರದಾರ. ಮುಸಮ್ಮಾತ್ ಅಂದ್ರ ಹೆಣ್ಣಮಗಳು."

ಅರ್ಜಿ ಹುಡುಕಿಕೊಂಡು ಹೋದವನಿಗೆ ಅಜ್ಜಿ ಸಿಕ್ಕಿದ್ದಳು. ಬೇರೆ ದಿನವಾಗಿದ್ದರೆ ಪರಮೇಶ ಈ ಮಾತನ್ನು ಗಟ್ಟಿಯಾಗಿಯೇ ಹೇಳಿ ನಗುತ್ತಿದ್ದ. ಇವತ್ತು ಕಾಗದವನ್ನು ಅವರ ಕಡೆಗೆ ಸರಿಸಿದ. ಮುದುಕರು ಕನ್ನಡಕ ಏರಿಸಿ, ಉರ್ದುವಿನಿಂದ ತಮ್ಮ ಮನೆಮಾತಿಗೆ ನಿಧಾನವಾಗಿ ಇಳಿಸುತ್ತಾ ಹೋದರು.

"'ನನ್ನ ಗಂಡ ಬೀರಪ್ಪ ತೀರಿ ಎಂಟು ವರ್ಷ ಆತು. ಅದೇ ವರ್ಷ ಜ್ವರ ಬಂದು ನನ್ನ ಎಡಗೈ ಸೆಟದು ಹೋತು. ಬಲಗೈ ಉಣ್ಣಿ ಹಿಡೀತೈತಿ, ರಾಟಿ ತಿರುವಾಕ ಕೈ ಇಲ್ಲ. ನೂಲದಿದ್ರ ಮನ್ಯಾಗ ಕೂಳಿಲ್ಲ. ಬಡಿಗ್ಯಾರ ಸಾಯಣ್ಣನ ಕಡಿಂದ ಹಲಗಿ ಕೊರೆಸಿ, ಹಗ್ಗ ಬಿಗಿದು, ಕಾಲಿಲೆ ತಿರುವಾಕ ಹತ್ತಿದೆ. ಮೂರು ಸಲ ಕೆಟ್ಟಿತು, ನಾಕನೇದಕ್ಕ ನಿಂತಿತು. ನನ್ನ ಮೈದುನ ಮಾರೆಪ್ಪ ತೋರ್ಸಿಕೊಂಡು ಬರ್ತೀನಿ ಅಂತ ಹೈದರಾಬಾದಿಗೆ ಒಯ್ದ. ಪದಕ ತಂದ. ರಾಟಿ ಕೊಡವಲ್ಲ. ಪದಕ ಅವನೇ ಇಟ್ಕೊಳ್ಳಲಿ. ನನ್ನ ರಾಟಿ ನನಗ ಕೊಡಸ್ರಿ. ಅದರ ಕಾಲಿನ ಮ್ಯಾಲೆ ನನ್ನ ನಿಶಾನಿ ಐತಿ.'"

ಒಂದು ಕೈ. ಪರಮೇಶ ತನ್ನ ಎರಡೂ ಕೈಗಳನ್ನು ಮೊಣಕಾಲ ಮೇಲಿಂದ ತೆಗೆದು ಎಲ್ಲಿಡಬೇಕೆಂದು ತಿಳಿಯದೆ ನೋಡಿಕೊಂಡ.

"ಆ ದುಂಡು ಗಾಲಿ ಅಲ್ಲೇನ್ರಿ?"

"ಗಾಲಿ ಎಲ್ಲಿಂದ್ರೀ. ಬಳಿ ಅದು." ಶಿವಕಾಂತಪ್ಪ ಬೆರಳಿಟ್ಟು, ದುಂಡಿನ ಪಕ್ಕದಲ್ಲಿ ತಮ್ಮ ತಂದೆ ಬರೆದ ಸಣ್ಣ ಅಕ್ಷರ ತೋರಿಸಿದರು. ನಿಶಾನಿ ಬಂಗಡಿ ಎಂದಿತ್ತು, ಅಂದರೆ ಬಳೆಯ ಗುರುತು. ಸಹಿ ಬಾರದ ಒಕ್ಕಲಿಗ ನೇಗಿಲು ಬರೆಯಬೇಕು, ವ್ಯಾಪಾರಿ ತಕ್ಕಡಿ ಬರೆಯಬೇಕು, ಕುರುಬ ಉಣ್ಣೆ ಕತ್ತರಿ. ಹೆಂಗಸಾದರೆ ಯಾವ ಜಾತಿಯವಳಾಗಲಿ, ಬಳೆ. ಮಾರೆಪ್ಪ ರಾಟಿಗೆ ಗುರುತು ಹಾಕಿದ್ದರೆ ಅಲ್ಲಿ ಕತ್ತರಿ ಇರುತ್ತಿತ್ತು.

"ಗಂಡ ಸತ್ತಾಕಿ ಅಲ್ಲೇನ್ರಿ ಈಕಿ," ಎಂದ ಪರಮೇಶ. "ಕೈಯಾಗಿನ ಬಳಿ ಒಡದಿರ್ತಾರಲ್ಲ."

"ಒಡದಿರ್ತಾರ. ಕಚೇರಿಗೆ ಬಂದ್ರ ಬಳಿನೇ ಬರೀಬೇಕು. ಹೆಂಗಸರಿಗೆ ಬ್ಯಾರೆ ನಿಶಾನಿ ಇರಲಿಲ್ಲ." ಮುದುಕರು ಆ ಸಂದಿನ ಮೇಲೆ ಉಗುರು ಆಡಿಸಿದರು. "ಇಲ್ಲಿ ಕೈ ತಡದೈತಿ ನೋಡ್ರಿ."

ಎರಡು ಪುಟ, ಶೂನ್ಯ, ಸೃಷ್ಟಿ, ನೂಲು ಹೊರಬರುವ ಬಾಯಿ. ಕಾಗದದ ಅಂಚಿನಲ್ಲಿ ಅರ್ಜಿನವೀಸರು ಆಮೇಲೆ ಬೇರೆ ಶಾಯಿಯಲ್ಲಿ ಒಂದು ಸಾಲು ಸೇರಿಸಿದ್ದರು: ಮೂರು ಸಲ ಬಂದು ಕೇಳಿದಳು, ಜವಾಬು ಇಲ್ಲ. ಅವಳು ತವರಿಗೆ, ಗದ್ವಾಲದ ಹತ್ತಿರದ ಹಳ್ಳಿಗೆ, ಬಂದು ಉಳಿದಿದ್ದಳೆಂಬುದಷ್ಟೇ ಗೊತ್ತಾಗುತ್ತಿತ್ತು. ಆ ಮೇಲಿನದನ್ನು ಹೇಳುವ ಕಾಗದ ಯಾವ ಬಸ್ತಾದಲ್ಲೂ ಇರಲಿಲ್ಲ. ಶಿವಕಾಂತಪ್ಪ ಅರ್ಜಿಯ ಕನ್ನಡವನ್ನು ತಾವೇ ಬಿಳಿ ಹಾಳೆಯ ಮೇಲೆ ಬರೆದು, ಕೆಳಗೆ ಸಹಿ ಮಾಡಿ, ಉರ್ದು ಕಾಗದದ ಜೆರಾಕ್ಸಿನ ಜೊತೆ ಕೊಟ್ಟರು.

ವಾಪಸು ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟ್ ಎಂದು ಎರಡು ಸಲ ಕೂಗಿದರೂ ಪರಮೇಶನಿಗೆ ಕೇಳಿಸಲಿಲ್ಲ. ಕಾಲುರಾಟಿಯ ಕಥೆಯಲ್ಲಿ ಮುಕ್ಕಾಲು ಸುಳ್ಳು, ಉಳಿದ ಕಾಲು ಅವಳದು ಎಂದು ಮನಸ್ಸು ತನ್ನ ಚಾಳಿ ಬಿಡದೆ ಲೆಕ್ಕ ಹಾಕಿತು. ನಗು ಮಾತ್ರ ಬರಲಿಲ್ಲ.

ಭಾನುವಾರ ನರೇಂದರನಿಗೆ ಫೋನಿನಲ್ಲಿ ಎಲ್ಲವನ್ನೂ ಹೇಳಿದ. ನರೇಂದರ್ ಕೇಳಿದ್ದು ಒಂದೇ ಪ್ರಶ್ನೆ, ಆ ಕಾಗದ ಅಸಲೋ ನಕಲೋ ಎಂದು. ನಕಲು ಎಂದ ಪರಮೇಶ. ಹಾಗಾದರೆ ನಕಲಿ ಎಂದೇ ತಿಳಿಯಿರಿ ಎಂದ ನರೇಂದರ್. ಚೀಲದೊಳಗಿದ್ದದ್ದು ಚೀಲದೊಳಗೇ ಇರಲಿ, ಟೇಪು ಕೇಳಿದ್ದೇನೆ, ಈಗ ಹಾಳಾಗಿದೆ ಎಂದು ಒಂದು ಪತ್ರ ಬರೆದು ಸಹಿ ಮಾಡಿ ತನ್ನಿ, ಚರಿತ್ರೆ ಉಪನ್ಯಾಸಕರ ಸಹಿಗೆ ಬೆಲೆ ಇದೆ. ಆ ಸಾಲಿನ ಐನೂರು ಬಟ್ಟೆ ಚೀಲ ಆಗಲೇ ಅಚ್ಚಾಗಿ ಬಂದಿವೆ. ಅವನು ದನಿ ಏರಿಸಲಿಲ್ಲ. ಖಾಯಮಾತಿಯ ಕಡತ ಮಂಗಳವಾರ ಮಂಡಳಿಯ ಮುಂದೆ ಬರುತ್ತದೆ ಎಂಬುದನ್ನೂ ಹವಾಮಾನ ಹೇಳುವಂತೆ ಹೇಳಿದ.

ಪರಮೇಶ ಪತ್ರ ಬರೆದ. ಸಹಿ ಮಾಡಿದ. ಸೋಮವಾರ ಬೆಳಿಗ್ಗೆ ಮಕ್ತಲಿಗೆ ಹೋಗುವಾಗ ಅವನ ಚೀಲದಲ್ಲಿ ಆ ಪತ್ರವೂ ಇತ್ತು, ಶೇಖಮ್ಮನ ಅರ್ಜಿಯೂ ಇತ್ತು. ಯಾವುದು ಮೊದಲು ಕೈಗೆ ಸಿಗುತ್ತದೋ ಅದು ಎಂದು ತನಗೆ ತಾನೇ ಹೇಳಿಕೊಂಡಿದ್ದ, ಆದರೆ ಪತ್ರವನ್ನು ಮೇಲಿಟ್ಟಿದ್ದ.

ಸಭೆ ಸೇರಿದ್ದು ನರೇಂದರನ ಮನೆಯ ಪಡಸಾಲೆಯಲ್ಲಿ, ರಾಟಿ ಇದ್ದದ್ದು ಅಲ್ಲಿಯೇ. ಗಾಜಿನ ಪೆಟ್ಟಿಗೆಯೊಳಗೆ, ಬೀಗ ಹಾಕಿ, ಮಾಲೆ ಹಾಕಿ ಇಟ್ಟಿದ್ದರು. ಪರಮೇಶ ಅದನ್ನು ನೂರು ಸಲ ನೋಡಿದ್ದ. ಇವತ್ತು ಕಾಲಿನ ಹಲಗೆ ನೋಡಿದ. ತುಳಿದು ತುಳಿದು ಸವೆದ ಕುಳಿ ತನ್ನ ಅಂಗೈಗಿಂತ ಸ್ವಲ್ಪವೇ ಉದ್ದವಿತ್ತು. ಗೋಡೆಯ ಫೋಟೊದಲ್ಲಿ ಮಾರೆಪ್ಪ ಆರಡಿ ಆಳು, ಅವನ ಚಪ್ಪಲಿಯೇ ಆ ಹಲಗೆಯಷ್ಟಿತ್ತು. ಇದನ್ನು ಯಾರೂ ಯಾಕೆ ನೋಡಲಿಲ್ಲ? ತಾನು ಯಾಕೆ ನೋಡಲಿಲ್ಲ?

ಸಮಿತಿಯ ನಾಲ್ವರು ಚಹಾ ಕುಡಿಯುತ್ತಿದ್ದರು. ಅಖಿಲಾ ಮೂವತ್ತರ ಆಸುಪಾಸಿನವಳು, ನಗುನಗುತ್ತಲೇ ಕಡತ ಬಿಚ್ಚುವವಳು. "ಆಧಾರಂ ತೆಚ್ಚಾರಾ ಸಾರ್?" ಎಂದು ತೆಲುಗಿನಲ್ಲಿ ಕೇಳಿ, ತಕ್ಷಣ ಕನ್ನಡಕ್ಕೆ ಬಂದು, ತಂದಿದ್ದರೆ ಐದು ನಿಮಿಷದ ಕೆಲಸ ಎಂದಳು. ಹೊಸ್ತಿಲ ಬಳಿ ನರೇಂದರನ ಅಜ್ಜಿ ಪೆಂಟಮ್ಮ ಅರಳೆ ಹೊಸೆಯುತ್ತಾ ಕೂತಿದ್ದಳು. ಮಾರೆಪ್ಪನ ಸೊಸೆ, ಎಂಬತ್ತಮೂರು ವರ್ಷದವಳು.

ನರೇಂದರ್ ಉತ್ಸಾಹದಲ್ಲಿದ್ದ. ಕಾಗದಕ್ಕೆ ಮೊದಲು ಮೇಡಂ ಒಮ್ಮೆ ಮುತ್ಯಾನ ದನಿಯಲ್ಲೇ ಕೇಳಲಿ ಎಂದು ಒತ್ತಾಯಿಸಿದ. ಪರಮೇಶ ಎದ್ದು ನಿಂತು, ಗಂಟಲು ಸರಿಮಾಡಿ, ಕಂಡಕ್ಟರ್ ಮತ್ತು ದಲಾಲಿಯನ್ನು ಕೂಡಿಸಿ ಆ ಸಾಲು ಹೇಳಿದ. ನಾಲ್ವರೂ ತಲೆದೂಗಿದರು. ಅಖಿಲಾ ಕೂಡ ಪೆನ್ನು ಕೆಳಗಿಟ್ಟಳು.

"ಇದು ನಮ್ಮ ಮಾವನ ಮಾತಲ್ಲ," ಎಂದಳು ಪೆಂಟಮ್ಮ.

ಅರಳೆಯಿಂದ ತಲೆ ಎತ್ತದೆಯೇ ಹೇಳಿದ್ದಳು. ನರೇಂದರ್ ಅಜ್ಜೀ ನೀ ಸುಮ್ಮನಿರು ಎಂದ. ಅಖಿಲಾ ಕೈಯೆತ್ತಿ ಅವನನ್ನು ತಡೆದು, ಯಾಕಲ್ಲ ಎಂದು ಕೇಳಿದಳು.

"ಗಂಡಸು ಹಿಂಗ ಅನ್ನಂಗಿಲ್ಲವ್ವಾ. ಒಲಿ ಮುಂದ, ತೊಟ್ಟಿಲ ಮುಂದ ಕುಂತಾಕಿ ಮಾತಿದು. ಮತ್ತ ನಮ್ಮ ಮನ್ಯಾಗ ಗಂಡಸು ರಾಟಿ ಮುಂದ ಕುಂತ್ರ ಮೈಲಾರಗ ತಪ್ಪು ಕಾಣಿಕಿ ಕಟ್ಟಬೇಕು. ಮಗ್ಗ ಅವರದು, ರಾಟಿ ನಮ್ಮದು. ಇದು ಯಾರಿಗೆ ಗೊತ್ತಿಲ್ಲ?"

ಎಲ್ಲರಿಗೂ ಗೊತ್ತಿತ್ತು. ಪಡಸಾಲೆಯಲ್ಲಿದ್ದ ಪ್ರತಿಯೊಬ್ಬನ ತಾಯಿಯೂ, ಅಜ್ಜಿಯೂ ನೂತವರು. ಪ್ರತಿಯೊಬ್ಬನೂ 'ಮಾರೆಪ್ಪ ಹಗಲಿರುಳು ರಾಟಿಯ ಮುಂದೆ ಕುಳಿತು' ಎಂಬ ಸಾಲನ್ನು ಪುಸ್ತಕದಲ್ಲಿ ಓದಿ ಪರಮೇಶನ ಬೆನ್ನು ತಟ್ಟಿದವನು. ಚಹಾದ ಕಪ್ಪುಗಳು ಕೆಳಗಿಳಿದವು.

"ನಮ್ಮತ್ತಿ ಇದಕ್ಕ 'ಆಕಿ ರಾಟಿ' ಅಂತಿದ್ಲು," ಎಂದಳು ಪೆಂಟಮ್ಮ, ಗಾಜಿನ ಪೆಟ್ಟಿಗೆಯ ಕಡೆ ಗದ್ದ ತೋರಿ. "ಆಕಿ ಯಾರಂತ ಕೇಳಿದ್ರ ಬಾಯಿ ಮುಚ್ಚು ಅಂತಿದ್ಲು. ಎಲ್ಲವ್ವನೋ ಹುಲಿಗೆವ್ವನೋ ಇರಬೇಕಂತ ನಾ ಅರವತ್ತು ವರ್ಷ ಅದಕ್ಕ ಅರಿಷಿಣ ಹಚ್ಚಿಕೋತ ಬಂದೀನಿ."

ತೊಟ್ಟಿಲು ಎಂಬ ಮಾತು ಪರಮೇಶನ ಕಿವಿಯಲ್ಲಿ ಇನ್ನೂ ನಿಂತಿತ್ತು. ಸಣ್ಣವನಿದ್ದಾಗಿನ ಅಡುಗೆಮನೆ ಕಣ್ಣ ಮುಂದೆ ಬಂತು. ಅವ್ವ ಬಸವೇಶ್ವರಿ ಎರಡೂ ಕೈಯಿಂದ ರೊಟ್ಟಿ ಬಡಿಯುತ್ತಿದ್ದಳು. ಕಾಲಿನ ಹೆಬ್ಬೆರಳಿಗೆ ಕಟ್ಟಿಕೊಂಡ ಹಗ್ಗದಿಂದ ತಂಗಿಯ ತೊಟ್ಟಿಲು ಜಗ್ಗುತ್ತಿದ್ದಳು. ನೀರು ಕೇಳಲು ಬಂದ ನೆರೆಮನೆಯವಳಿಗೆ ನಗುತ್ತಾ ಹೇಳಿದ್ದಳು, ಎರಡು ಕೈ ಸಾಲವಲ್ದು ತಂಗಿ, ಅದಕ ಕಾಲಿಗೂ ಕೆಲಸ ಹಚ್ಚೀನಿ. ಹನ್ನೆರಡು ವರ್ಷ ಪರಮೇಶ ಅದನ್ನು ತನ್ನ ಕಲ್ಪನೆ ಎಂದು ಒಳಗೊಳಗೇ ಮೀಸೆ ತಿರುವಿದ್ದ. ಸುಳ್ಳು ಕೂಡ ಸ್ವಂತದ್ದಲ್ಲ. ರಾಟಿಯನ್ನು ಒಯ್ದವನು ಮಾರೆಪ್ಪ. ಮಾತನ್ನು ಒಯ್ದು, ಗಂಡು ದನಿ ತೊಡಿಸಿ, ಕಲ್ಲಿನವರೆಗೆ ತಂದವನು ತಾನು.

ಚೀಲಕ್ಕೆ ಕೈ ಹಾಕಿದ. ಮೇಲಿದ್ದ ಪತ್ರ ಸಿಕ್ಕಿತು. ಅದನ್ನು ಬದಿಗೆ ಸರಿಸಿ ಕೆಳಗಿನದನ್ನು ತೆಗೆದ.

"ಟೇಪು ಇಲ್ರೀ ಮೇಡಂ. ಎಂದೂ ಇರಲಿಲ್ಲ. ಆ ಮಾತು ನಮ್ಮವ್ವಂದು, ನಾ ಕದ್ದು ಮಾರೆಪ್ಪನ ಬಾಯಾಗ ಇಟ್ಟೆ. ರಾಟಿ ಮಾರೆಪ್ಪಂದಲ್ಲ. ಆ ದುಂಡು ಗಾಲಿ ಅಲ್ಲ."

ಶೇಖಮ್ಮನ ಅರ್ಜಿ, ಬಳೆಯ ಗುರುತು, ಎಲ್ಲವನ್ನೂ ಹೇಳಿದ. ಅಖಿಲಾ ಅರ್ಜಿಯ ಜೆರಾಕ್ಸನ್ನು ಹಿಡಿದುಕೊಂಡು ಗಾಜಿನ ಪೆಟ್ಟಿಗೆಯ ಮುಂದೆ ಮಂಡಿಯೂರಿದಳು. ಕಾಗದದ ದುಂಡನ್ನು ಮರದ ದುಂಡಿನ ಪಕ್ಕ ಹಿಡಿದಳು. ಸಂದು ಸಂದಿಗೆ ಕೂಡಿತು. ಅವಳು ತನಗೆ ಗೊತ್ತಿಲ್ಲದೆಯೇ ತನ್ನ ಬಳೆಗಳನ್ನು ಮೊಣಕೈ ಕಡೆಗೆ ಸರಿಸಿಕೊಂಡಳು. ಆಮೇಲೆ ಎದ್ದು ಬಂದು, ಕಡತದಲ್ಲಿ ಆ ಸಾಲನ್ನು ಹೊಡೆದು ಹಾಕಿದಳು. ಕಲ್ಲಿನ ಹೆಸರಿನ ವಿಚಾರ ಮೇಲಿನವರಿಗೆ ಬರೆಯುತ್ತೇನೆ, ಅಲ್ಲಿಯವರೆಗೆ ಉಳಿ ಮುಟ್ಟಬಾರದು ಎಂದಳು.

"ಸಾರ್," ಎಂದ ನರೇಂದರ್. ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ, ಅದೇ ಹೆಚ್ಚು ಹೆದರಿಸಿತು. "ಮುತ್ಯಾನ ಹೆಸರು ಹೋದ್ರ ನಾ ಯಾರ ಮರಿಮಗ ಅನ್ನಿಸ್ಕೊಳ್ಳಲಿ?"

ಮಂಗಳವಾರದ ಕಡತ ಪರಮೇಶನ ಕಣ್ಣ ಮುಂದೆಯೇ ಮುಚ್ಚಿಕೊಂಡಿತು.

ಪೆಂಟಮ್ಮ ಎದ್ದು, ಗೋಡೆ ಹಿಡಿದು, ಪರಮೇಶನ ಮುಂದೆ ಬಂದು ಕೂತಳು. "ಎಲ್ಲಾರ ದನಿ ಮಾಡ್ತಿಯಲ್ಲಪ್ಪಾ. ಆಕಿ ದನಿ ಮಾಡು. ಕೇಳ್ತೀನಿ."

ಪರಮೇಶ ಬಾಯಿ ತೆರೆದ. ಕಂಡಕ್ಟರ್ ಬಂದ, ದಲಾಲಿ ಬಂದ, ಪ್ರಿನ್ಸಿಪಾಲರ ಕೆಮ್ಮು ಬಂತು. ಅವ್ವನ ದನಿ ಕೂಡ ಗಂಟಲವರೆಗೆ ಬಂತು, ಅದನ್ನು ಎರಡನೇ ಸಲ ಕದಿಯಲು ಮನಸ್ಸು ಒಪ್ಪಲಿಲ್ಲ. ಶೇಖಮ್ಮನಿಗೆ ಕೊಡಲು ಅವನಲ್ಲಿ ದನಿಯೇ ಇರಲಿಲ್ಲ. ಬರುವುದಿಲ್ಲ ಅಮ್ಮಾ ಎಂದ, ಹನ್ನೆರಡು ವರ್ಷದಲ್ಲಿ ಮೊದಲ ಸಲ.

"ಹಂಗಾದ್ರ ಓದು."

ಅವನು ಓದಿದ. ಓದು ಬಾರದ ಪೆಂಟಮ್ಮ ಹಾಡು ಕಲಿಯುವಾಗ ಮಾಡುವಂತೆ ಒಂದೊಂದು ಸಾಲನ್ನೂ ತಾನು ಮತ್ತೆ ಹೇಳಿಕೊಂಡಳು. ನನ್ನ ಎಡಗೈ ಸೆಟದು ಹೋತು. ಮೂರು ಸಲ ಕೆಟ್ಟಿತು, ನಾಕನೇದಕ್ಕ ನಿಂತಿತು. ತೋರ್ಸಿಕೊಂಡು ಬರ್ತೀನಿ ಅಂತ ಒಯ್ದ. ಪದಕ ಅವನೇ ಇಟ್ಕೊಳ್ಳಲಿ. ಮುದುಕಿಯ ಒಡಕು ದನಿ ಸಾಲಿನಿಂದ ಸಾಲಿಗೆ ಗಟ್ಟಿಯಾಗುತ್ತಿತ್ತು, ಸಮಿತಿಯ ನಾಲ್ವರೂ ನೆಲ ನೋಡುತ್ತಿದ್ದರು. ಕೊನೆಯ ಸಾಲಿಗೆ ಬಂದಾಗ ಅವಳು ಪರಮೇಶನ ಓದಿಗೆ ಕಾಯಲಿಲ್ಲ. ಮೊಮ್ಮಗನ ಕಡೆ ತಿರುಗಿದಳು.

"ನನ್ನ ರಾಟಿ ನನಗ ಕೊಡಸ್ರಿ."

ನರೇಂದರ್ ಅಂಗಿಯ ಜೇಬು ತಡವಿದ. ಗಾಜಿನ ಪೆಟ್ಟಿಗೆಯ ಬೀಗದ ಕೈ ಅಲ್ಲಿರಲಿಲ್ಲ. ಪ್ಯಾಂಟಿನ ಜೇಬಿನಲ್ಲೂ ಇರಲಿಲ್ಲ. ಅವನು ಯಾರ ಮುಖವನ್ನೂ ನೋಡದೆ ಎದ್ದು, ಒಳಗೆ ಹುಡುಕಲು ಹೋದ.